ಗದ್ದ ಎತ್ತಿದರೆ ಬೇಡ ಅಂತ

ಟೊರಿನೊ
೩ ಫೆಬ್ರವರಿ ೧೯೬೩

ಪ್ರೀತಿಯ ತಂಗಿ ಪಿಪ್ಪಿನಾ,

ನಿನ್ನ ಕಾಗದವನ್ನು ಎಂದಿನಂತೆ ಶಾಲೆಯ ಜವಾನ ತಂದುಕೊಟ್ಟ. ಮುಂದೆಯೂ ಶಾಲೆಗೇ ಬರೆ, ಮನೆಗೆ ಬೇಡ. ನನ್ನ ಮನೆಯೊಡತಿಗೆ ಬೇರೆಯವರ ಟಪಾಲೆಂದರೆ ವಿಪರೀತ ಕುತೂಹಲ. ಇಲ್ಲಿ ಉತ್ತರದಲ್ಲಿ ನಾಲ್ಕು ದಿನದಿಂದ ಸೂರ್ಯನ ಮುಖ ಕಂಡಿಲ್ಲ. ಪೊಜ್ಜೊಸಾಲ್ವೊದಲ್ಲಿ ಬಾದಾಮಿ ಹೂಬಿಟ್ಟಿರಬೇಕು.

ಸಂತೋಷದ ಸುದ್ದಿ ಕೇಳು. ನನ್ನ ಪುಸ್ತಕವನ್ನು ಒಬ್ಬ ಪ್ರಕಾಶಕರು ಒಪ್ಪುವ ಹಾಗಿದ್ದಾರೆ. ನಮ್ಮ ಸಿಸಿಲಿಯವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದೇ ವಿಷಯ. ಮೌನದ ಮೇಲೆ ಒಂದು ಅಧ್ಯಾಯ ಮುಗಿಯಿತು. ಮಾನದ ಮೇಲಿನದು ನಡೆಯುತ್ತಿದೆ. ಎಷ್ಟೋ ದೊರೆಗಳು ಬಂದು ಆಳಿ ಹೋದ ಮೇಲೆ ನಮ್ಮ ಜನ ಬಾಯಿ ಬಿಡುವುದನ್ನೇ ಮರೆತರು. ಏನೂ ಬದಲಾಗದು ಎಂದು ಗೊತ್ತಿರುವುದರಿಂದ ಏನನ್ನೂ ಕೇಳುವುದಿಲ್ಲ ಎಂದು ಬರೆದಿದ್ದೇನೆ. ಸರಿಯಲ್ಲವೇ? ಹೆಂಗಸರ ನಡುವಿನ ಸಂಗತಿಗಳು ನನಗೆ ಗೊತ್ತಾಗುವುದಿಲ್ಲ. ಕಂಡದ್ದು ಕೇಳಿದ್ದು ಬರೆದು ಕಳಿಸು.

ಗಿರಣಿಯವರ ಮಗ ಸಾರೊ ತುಮ್ಮಿನೆಲ್ಲೊ ನಿನ್ನನ್ನು ಮದುವೆಗೆ ಕೇಳಿಸಿದ್ದಾನೆಂದು ಅವ್ವ ಬರೆಸಿದ್ದಳು. ದೊಡ್ಡ ಮನೆ. ಬೇಡವೆನ್ನುವ ಮೊದಲು ಎರಡು ಸಲ ಯೋಚಿಸು.

ನಿನ್ನ ಅಣ್ಣ,
ಜೆಸುವಾಲ್ದೊ


ಪೊಜ್ಜೊಸಾಲ್ವೊ
೧೧ ಫೆಬ್ರವರಿ ೧೯೬೩

ಅಣ್ಣಾ,

ನಾವು ಬಾಯಿ ಬಿಡುವುದನ್ನು ಮರೆತ ಜನವೇ? ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಬಂದು ನಿಲ್ಲು. ಅಥವಾ ಅಪ್ಪನ ಕ್ಷೌರದಂಗಡಿಯಲ್ಲಿ ಕೂತುಕೋ. ಕೆನ್ನೆ ತುಂಬ ನೊರೆ ಇಟ್ಟುಕೊಂಡೇ ನೋಟರಿ ದೊನ್ ನೊಫ್ರಿಯೊ ಇಡೀ ಸರಕಾರವನ್ನು ಬೀಳಿಸಿ ಇನ್ನೊಂದನ್ನು ಕೂರಿಸುತ್ತಾರೆ. ಅಪ್ಪ ಕತ್ತಿಯನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಾ, “ಮುಗೀತಾ ಸ್ವಾಮಿ? ಹಂಗಾದ್ರೆ ಈ ಕಡೆ ಕೆನ್ನೆ ಕೊಡಿ” ಎನ್ನುತ್ತಾರೆ.

ಸಾರೊ ವಿಷಯ. ಎರಡು ಸಲ ಅಲ್ಲ, ಆರು ಸಲ ಯೋಚಿಸಿದೆ. ಆರು ಸಲವೂ ಬೇಡ ಎಂದೇ ಬಂತು. ಅವನ ಮನೆಗೆ ಹೊಲಿದ ಪರದೆ ಕೊಡಲು ಹೋದಾಗ ಕೆಲಸದ ಮುದುಕಿಯ ಮೇಲೆ ಅವನು ಬೂಟು ಎಸೆದದ್ದನ್ನು ಕಂಡಿದ್ದೇನೆ. ನನಗೆ ಅಷ್ಟು ಸಾಕು. ಅಪ್ಪ ಒಪ್ಪಿದರು. ಅವ್ವ ಎರಡು ದಿನ ನನ್ನ ತಟ್ಟೆಗೆ ಉಪ್ಪಿಲ್ಲದ ಸಾರು ಬಡಿಸಿದಳು.

ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಸಾರೊ ನಾಲ್ಕು ಜನರ ಎದುರಿಗೇ, “ಬರಲ್ಲ ಅಂದ್ರೆ ಎತ್ತಾಕ್ಕೊಂಡ್ ಹೋಗ್ತೀನಿ ಕಣೇ” ಎಂದ. ನಾನು, “ಮೊದ್ಲು ಒಂದ್ ಹಿಟ್ಟಿನ ಮೂಟೆ ಎತ್ತು, ನೋಡೋಣ” ಎಂದೆ. ಎಲ್ಲರೂ ನಕ್ಕರು. ನಿನ್ನ ಮೌನದ ಅಧ್ಯಾಯಕ್ಕೆ ಇದನ್ನು ಸೇರಿಸು.

ಪಿಪ್ಪಿನಾ


ಟೊರಿನೊ
೧೦ ಮಾರ್ಚ್ ೧೯೬೩

ಪಿಪ್ಪಿನಾ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಪುಸ್ತಕದ ಮಾತಿಗೆ ಮುನಿಸಿಕೊಂಡೆಯಾ? ಸಾರೊ ಪರವಾಗಿ ಒಂದು ಮಾತು ಆಡಿದ್ದಕ್ಕಾ? ನೀನು ಚಿಕ್ಕಂದಿನಲ್ಲೂ ಹೀಗೇ. ಕೋಪ ಬಂದರೆ ಬಾದಾಮಿ ಮರ ಹತ್ತಿ ಕೂತುಬಿಡುತ್ತಿದ್ದೆ. ನಾನು ಕೆಳಗೆ ನಿಂತು ಬೇಡಿಕೊಳ್ಳಬೇಕಿತ್ತು. ಈಗ ಆ ಕೆಲಸವನ್ನು ಸಾವಿರ ಮೈಲಿ ಆಚೆಯಿಂದ ಮಾಡುತ್ತಿದ್ದೇನೆ. ಇಳಿದು ಬಾ.

ಮಾನದ ಅಧ್ಯಾಯ ಮುಗಿಯಿತು. ಬಹಳ ಚೆನ್ನಾಗಿ ಬಂದಿದೆ.

ಜೆಸುವಾಲ್ದೊ


ಟೊರಿನೊ
೨೨ ಮಾರ್ಚ್ ೧೯೬೩

ಪಿಪ್ಪಿನಾ,

ಸೋದರಮಾವ ಕಾಲೊಜೆರೊ ಎಲ್ಲವನ್ನೂ ಬರೆದರು. ನೀನು ಸಾರೊ ಜೊತೆ ಓಡಿಹೋದೆಯಂತೆ. ವಾರ ಕಳೆದು ಇಬ್ಬರೂ ಠಾಣೆಗೆ ಬಂದಿರಂತೆ. ಇಷ್ಟಪಟ್ಟೇ ಹೋದೆ ಎಂದು ನೀನೇ ಒಪ್ಪಿ ಸಹಿ ಹಾಕಿದೆಯಂತೆ. ಈಸ್ಟರ್ ಮುಗಿದ ಮೇಲೆ ಮದುವೆಯಂತೆ.

ಹಿಟ್ಟಿನ ಮೂಟೆಯ ಕಥೆ ಹೇಳಿ ನನ್ನನ್ನು ನಗಿಸಿದ ಹುಡುಗಿಯೇ ಇವಳು ಎಂದು ನಂಬಲಾಗುತ್ತಿಲ್ಲ. ಖರ್ಚು ಉಳಿಸಲು, ಹಿರಿಯರ ಬಾಯಿ ಮುಚ್ಚಿಸಲು ಓಡಿಹೋಗುವ ಜೋಡಿಗಳು ನಮ್ಮಲ್ಲಿ ಎಷ್ಟಿಲ್ಲ? ಅದು ಹೊಸದಲ್ಲ. ಆದರೆ ನನಗೊಂದು ಮಾತು ಮೊದಲೇ ಹೇಳಬಹುದಿತ್ತು. ಇರಲಿ. ಆದದ್ದು ಆಯಿತು. ಮದುವೆಗೆ ಒಪ್ಪಿಗೆಯಿದೆ ಎಂದು ಅಪ್ಪನಿಗೆ ಬರೆದಿದ್ದೇನೆ. ಶಾಲೆಯಲ್ಲಿ ಮಕ್ಕಳ ಪರೀಕ್ಷೆಗಳಿರುವುದರಿಂದ ಬರಲಾಗದು. ಮದುವೆಯ ಉಡುಪಿಗೆಂದು ಬಿಳಿ ಕೈಗವಸು ಕಳಿಸುತ್ತಿದ್ದೇನೆ. ಸುಖವಾಗಿರು.

ಜೆಸುವಾಲ್ದೊ


ಪೊಜ್ಜೊಸಾಲ್ವೊ
೩೧ ಮಾರ್ಚ್ ೧೯೬೩

ಅಣ್ಣಾ,

ಕೈಗವಸು ಬಂತು. ವಾಪಸು ಕಳಿಸಿದ್ದೇನೆ.

ಕಾರ್ನಿವಾಲ್ ಹಬ್ಬದ ಸೋಮವಾರ, ವೈದ್ಯರ ಮಗಳಿಗೆ ಹೊಲಿದ ಉಡುಪು ಕೊಟ್ಟು ಬರುತ್ತಿದ್ದೆ. ಕಾರಂಜಿಯ ತಿರುವಿನಲ್ಲಿ ಕಾರು ನಿಂತಿತ್ತು. ಸಾರೊ, ಜೊತೆಗೆ ಇನ್ನಿಬ್ಬರು, ಮುಖಕ್ಕೆ ಹಬ್ಬದ ಮುಖವಾಡ. ನಾನು ಕೂಗಿದೆ. ಮೂರು ಕಿಟಕಿ ತೆರೆದವು, ಮೂರೂ ಮುಚ್ಚಿಕೊಂಡವು. ಹಬ್ಬದ ತಮಾಷೆ ಎಂದುಕೊಂಡೆವು ಎಂದು ಈಗ ಹೇಳುತ್ತಿದ್ದಾರೆ. ಅವನ ಸೋದರತ್ತೆಯ ತೋಟದ ಮನೆಯಲ್ಲಿ ಒಂದು ವಾರ ಕೂಡಿಹಾಕಿದರು. ಅಲ್ಲಿ ಏನಾಯಿತೆಂದು ನಿನಗೆ ಬರೆಯುವುದಿಲ್ಲ. ಜಡ್ಜಿಗೆ ಹೇಳುತ್ತೇನೆ. ಆ ಅತ್ತೆ ದಿನವೂ ಬಾಗಿಲಾಚೆ ಕೂತು ಜಪಮಣಿ ಎಣಿಸುತ್ತಾ, “ಸುಮ್ನಿರಮ್ಮ, ನಂಗೂ ಹಿಂಗೇ ಆಗಿದ್ದು. ಈಗ ನೋಡು, ಏನ್ ಕಮ್ಮಿಯಾಗಿದೆ?” ಎನ್ನುತ್ತಿದ್ದಳು.

ಆಮೇಲೆ ಠಾಣೆಗೆ ಕರೆತಂದರು. ಠಾಣೆಯ ಹೊಸ ಮುಖ್ಯಾಧಿಕಾರಿ, ಮಾರ್ಶಲ್, ಉತ್ತರದವರು, ಬೆಟ್ಟದ ಸೀಮೆಯವರು, ಬಂದು ತಿಂಗಳಾಗಿರಲಿಲ್ಲ. ನನ್ನ ಎಡಕ್ಕೆ ಗಿರಣಿಯ ಯಜಮಾನ, ಬಲಕ್ಕೆ ಸೋದರಮಾವ. ಮಾರ್ಶಲ್ ಕೇಳಿದರು, “ನಿಮ್ಮ ಇಷ್ಟದಿಂದಲೇ ಹೋದಿರಾ?” ಇಲ್ಲ ಎನ್ನಲು ನಾವೆಲ್ಲ ಮಾಡುವಂತೆಯೇ ಮಾಡಿದೆ. ಗದ್ದ ಮೇಲೆತ್ತಿ, ಹುಬ್ಬು ಹಾರಿಸಿ, ನಾಲಿಗೆಯಲ್ಲಿ ತ್ಚ್ ಎಂದೆ. ಬಾಯಿ ಒಣಗಿದ್ದರಿಂದ ಸದ್ದು ಹೊರಡಲಿಲ್ಲ. ಅವರು ಮತ್ತೆ ಕೇಳಿದರು. ನಾನು ಮತ್ತೆ ಗದ್ದ ಎತ್ತಿದೆ. ಅವರು ತಲೆಯಾಡಿಸಿ ಬರೆದುಕೊಂಡರು. “ಸಹಿ ಹಾಕಿ” ಎಂದರು. ಇಲ್ಲ ಎಂದೇ ಬರೆದಿದ್ದಾರೆ ಎಂದುಕೊಂಡು ಓದದೆ ಹಾಕಿದೆ.

ಅವರು ಹೌದು ಎಂದು ಬರೆದಿದ್ದರು. ಉತ್ತರದಲ್ಲಿ ತಲೆ ಮೇಲೆ ಕೆಳಗೆ ಹೋದರೆ ಹೌದಂತೆ. ನನ್ನ ಪಕ್ಕ ಕೂತಿದ್ದ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಸುಮ್ಮನಿದ್ದರು.

ಮನೆಗೆ ಬಂದಾಗ ಅವ್ವ ಬಾಗಿಲು ಹಾಕಿ, ಮದುವೆ ಉಡುಪಿನ ಬಿಳಿ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದಳು. “ನೀನೇ ಹೊಲ್ಕೋ. ನಿನ್ನಷ್ಟು ಚೆನ್ನಾಗಿ ಯಾರು ಹೊಲೀತಾರೆ?” ಎಂದಳು. ಅಳುತ್ತಲೇ ಹೇಳಿದಳು, ಅವಳ ಮೇಲೆ ಕೋಪವಿಲ್ಲ. ಸಂಜೆ ಅಪ್ಪ ಅಂಗಡಿಯಿಂದ ಬಂದು, ಟೋಪಿಯನ್ನೂ ತೆಗೆಯದೆ ನನ್ನೆದುರು ನಿಂತರು.

“ನಿಂಗೆ ಅವ್ನು ಬೇಕಾ?”

“ಬೇಡ.”

“ಹಂಗಾದ್ರೆ ಬೇಡ.”

ಅವ್ವ, “ಜನ ಏನಂತಾರೆ ಅಂತ ಒಂದ್ಸಲ ಯೋಚ್ನೆ ಮಾಡ್ರೀ!” ಎಂದಳು. ಅಪ್ಪ, “ಜನ ದಿನಾ ನನ್ ಕುರ್ಚೀಲೇ ಕೂತಿರ್ತಾರೆ. ಅಂದ್ರೆ ನನ್ ಕಿವಿಗೇ ಬೀಳತ್ತೆ” ಎಂದರು.

ಮದುವೆಯಾದರೆ ಅವನ ಮೇಲಿನ ಅಪರಾಧ ಅಳಿಸಿಹೋಗುತ್ತದೆ, ಕಾನೂನೇ ಹಾಗಿದೆ. ಆಗದಿದ್ದರೆ ಕೇಸು ನಡೆಯುತ್ತದೆ. ಆದರೆ ಠಾಣೆಯ ಕಾಗದದಲ್ಲಿ ನಾನು ಹೌದು ಎಂದಿದ್ದೇನೆ. ವಕೀಲರು ಹೇಳುತ್ತಾರೆ, ಈ ಗದ್ದದ ಅರ್ಥವನ್ನು ಉತ್ತರದವರಿಗೆ ಬಿಡಿಸಿ ಹೇಳುವವರು ಬೇಕು, ಓದಿದವರು, ಎರಡೂ ಕಡೆ ಬದುಕಿದವರು. ನಿನಗಿಂತ ಬೇರೆ ಯಾರಿದ್ದಾರೆ? ಬಾ.

ಪಿಪ್ಪಿನಾ


ಟೊರಿನೊ
೯ ಏಪ್ರಿಲ್ ೧೯೬೩

ನನ್ನ ಮುದ್ದು ತಂಗೀ,

ನಿನ್ನ ಕಾಗದವನ್ನು ಶಾಲೆಯ ಹಿತ್ತಿಲಲ್ಲಿ ನಿಂತು ಓದಿದೆ. ಆಮೇಲೆ ಎರಡು ಪಾಠ ಮಾಡಿದೆನಂತೆ. ಏನು ಹೇಳಿಕೊಟ್ಟೆನೋ ನೆನಪಿಲ್ಲ. ಒಪ್ಪಿಗೆಯಿದೆ ಎಂದು ಅಪ್ಪನಿಗೆ ಬರೆದ ಆ ಕಾಗದವನ್ನು ಹರಿದುಹಾಕಲು ಹೇಳು. ನನ್ನನ್ನು ಕ್ಷಮಿಸು.

ಈಗ ನನ್ನ ಮಾತು ಕೇಳು. ನೀನು ಇಲ್ಲಿಗೆ ಬಂದುಬಿಡು. ರೈಲಿನ ಟಿಕೆಟ್ ಕಳಿಸುತ್ತೇನೆ. ಇಲ್ಲಿ ಹೊಲಿಗೆ ಬಲ್ಲವರಿಗೆ ಕೆಲಸಕ್ಕೆ ಬರವಿಲ್ಲ, ಯಾರೂ ಏನೂ ಕೇಳುವುದಿಲ್ಲ. ಕೋರ್ಟು ಬೇಡ ಪಿಪ್ಪಿನಾ. ಅಲ್ಲಿ ಅವನ ವಕೀಲ ನಿನ್ನನ್ನು ಏನೇನು ಕೇಳಬಹುದು ಎಂದು ಗೊತ್ತೇ? ಆ ಊರನ್ನು ಗೆಲ್ಲಲಾಗದು. ಅದು ಏಕೆ ಆಗದು ಎಂಬುದರ ಮೇಲೆ ಇನ್ನೂರು ಪುಟ ಬರೆದಿದ್ದೇನೆ. ನಾನು ಬಂದು ಸಾಕ್ಷಿ ಹೇಳುವುದೂ ಸುಲಭವಲ್ಲ. ಪರೀಕ್ಷೆಗಳಿವೆ, ಇಲ್ಲಿ ನನಗೂ ಕೆಲವು ತೊಂದರೆಗಳಿವೆ, ಅವನ್ನೆಲ್ಲ ಕಾಗದದಲ್ಲಿ ಬರೆಯಲಾಗದು. ವಕೀಲರಿಗೆ ಬೇಕಾದರೆ ಸನ್ನೆಗಳ ಬಗ್ಗೆ ಒಂದು ಟಿಪ್ಪಣಿ ಕಳಿಸುತ್ತೇನೆ.

ಜೆಸುವಾಲ್ದೊ


ಪೊಜ್ಜೊಸಾಲ್ವೊ
೨೦ ಏಪ್ರಿಲ್ ೧೯೬೩

ಅಣ್ಣಾ,

ಟಿಕೆಟ್ ಕಳಿಸಬೇಡ. ತಪ್ಪು ಮಾಡಿದವನು ಇಲ್ಲಿ ಬೀದಿಯಲ್ಲಿ ಸಿಗರೇಟು ಸೇದುತ್ತಾ ತಿರುಗುತ್ತಿದ್ದಾನೆ. ನಾನು ಯಾಕೆ ಊರು ಬಿಡಲಿ? ಈ ಊರು ನಿನ್ನ ಇನ್ನೂರು ಪುಟಕ್ಕೆ ಸೇರಿದ್ದಲ್ಲ. ನಾನು ಇಲ್ಲಿ ಹುಟ್ಟಿದವಳು.

ಮದುವೆ ಇಲ್ಲ ಎಂದು ಅಪ್ಪ ಗಿರಣಿಯವರಿಗೆ ಹೇಳಿಕಳಿಸಿದ ಮರುದಿನದಿಂದ ಅಂಗಡಿಗೆ ಗಿರಾಕಿಗಳಿಲ್ಲ. ನೋಟರಿ ದೊನ್ ನೊಫ್ರಿಯೊ ಅಂಗಡಿಯ ಮುಂದೆಯೇ ಹಾದು, ಮೇಲಿನ ಬೀದಿಯ ಕ್ಷೌರಿಕನ ಹತ್ತಿರ ಹೋಗುತ್ತಾರೆ. ಕೆನ್ನೆ ಕುಯ್ದುಕೊಂಡು ವಾಪಸು ಬರುತ್ತಾರೆ. ಅಪ್ಪ ಬೆಳಿಗ್ಗೆ ಬಾಗಿಲು ತೆಗೆದು, ಬಿಳಿ ಅಂಗಿ ಹಾಕಿ, ಕತ್ತಿ ಮಸೆದು, ಖಾಲಿ ಕುರ್ಚಿಯ ಪಕ್ಕ ಸಂಜೆಯವರೆಗೆ ನಿಂತಿರುತ್ತಾರೆ. ನನಗೂ ಮದುವೆ ಬಟ್ಟೆಯ ಕೆಲಸ ಯಾರೂ ಕೊಡುವುದಿಲ್ಲ.

ಆದರೆ ಒಬ್ಬರು ಬಂದರು. ಮಾರ್ಶಲ್. ಊರಿನ ಜಗಳ ಅವರಿಗೆ ತಿಳಿಯದೋ ತಿಳಿದೇ ಬಂದರೋ ಕಾಣೆ. ನಾನು ಹಿಂದಿನ ಕೋಣೆಯಲ್ಲಿ ಟವೆಲ್ ಮಡಚುತ್ತಿದ್ದೆ. ಅಪ್ಪ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ಇಟ್ಟು, ಬಹಳ ಮರ್ಯಾದೆಯಿಂದ ಕೇಳಿದರು.

“ಮಾರ್ಶಲ್ ಸಾಹೇಬ್ರೇ, ನಿಮ್ ಕಡೆ ಬೇಡ ಅನ್ನೋಕೆ ಏನ್ ಮಾಡ್ತೀರಿ?”

ಅವರು ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಅಪ್ಪ ಕತ್ತಿಯನ್ನು ಹಿಂದಕ್ಕೆ ಎಳೆಯದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

“ಹುಷಾರು ಸಾಹೇಬ್ರೇ. ನಾವು ಹಿಂಗ್ ಮಾಡ್ತೀವಿ” ಎಂದು ಅಪ್ಪ ಗದ್ದ ಎತ್ತಿ ತ್ಚ್ ಎಂದರು. ಮತ್ತೊಮ್ಮೆ ಮಾಡಿ ತೋರಿಸಿದರು. “ಕ್ಷೌರದ ಕುರ್ಚೀಲಿ ಇದೇ ಕ್ಷೇಮ.”

ಮಾರ್ಶಲ್ ಕನ್ನಡಿಯಲ್ಲಿ ಅಪ್ಪನನ್ನು ನೋಡಿದರು. ಅರ್ಧ ನೊರೆಯ ಮುಖದಲ್ಲೇ ಎದ್ದು ನಿಂತರು. “ನಿಮ್ಮ ಮಗಳು…” ಎಂದರು. “ಹೂಂ” ಎಂದರು ಅಪ್ಪ. “ಕೂತ್ಕೊಳ್ಳಿ, ಇನ್ನೊಂದ್ ಕೆನ್ನೆ ಇದೆ.”

ತಾವು ತಪ್ಪು ತಿಳಿದಿರಬಹುದು ಎಂದು ಕೋರ್ಟಿನಲ್ಲಿ ಹೇಳಲು ಮಾರ್ಶಲ್ ಒಪ್ಪಿದ್ದಾರೆ. ಅವರಿಗೇನು, ನೌಕರಿಯ ಭಯವಿಲ್ಲವೇ? ಆದರೂ ಒಪ್ಪಿದರು. ಆದರೆ ಅವರು ತಪ್ಪು ತಿಳಿದೆ ಎಂದರೆ ಸಾಲದು, ಸರಿ ಯಾವುದು ಎಂದು ಹೇಳುವವರೂ ಬೇಕು. ಜೂನ್ ೨೫ಕ್ಕೆ ವಿಚಾರಣೆ.

ನಿನ್ನ ತೊಂದರೆಗಳು ಏನೆಂದು ನಾನು ಕೇಳುವುದಿಲ್ಲ. ಟಿಪ್ಪಣಿ ಬೇಡ. ನೀನು ಬರದಿದ್ದರೂ ನಾನು ಹೋಗುತ್ತೇನೆ.

ಪಿಪ್ಪಿನಾ


ಟೊರಿನೊ
೫ ಮೇ ೧೯೬೩

ಪಿಪ್ಪಿನಾ,

ಈ ಊರಿನಲ್ಲಿ ಎಷ್ಟೋ ಬಾಗಿಲುಗಳ ಮೇಲೆ ‘ದಕ್ಷಿಣದವರಿಗೆ ಬಾಡಿಗೆಗೆ ಇಲ್ಲ’ ಎಂಬ ಹಲಗೆ ನೇತಾಡುತ್ತದೆ. ನನ್ನ ಮನೆಯೊಡತಿಯ ಬಾಗಿಲ ಮೇಲೂ ಇದೆ. ಅವಳ ಲೆಕ್ಕದಲ್ಲಿ ನಾನು ಉತ್ತರದ ಜೆನೋವಾದವನು. ನಿನ್ನ ಕಾಗದಗಳು ಶಾಲೆಗೆ ಬರುತ್ತಿದ್ದುದು ಅದಕ್ಕೆ. ಸಾಕ್ಷಿ ಹೇಳಿದರೆ ಪತ್ರಿಕೆಯಲ್ಲಿ ಹೆಸರು, ಊರು ಎಲ್ಲ ಬರುತ್ತದೆ.

ಇವತ್ತು ಕಾಫಿ ಕುಡಿಯುವಾಗ ಅವಳಿಗೆ ಹೇಳಿದೆ, ನಾನು ಪೊಜ್ಜೊಸಾಲ್ವೊದವನು, ಸಿಸಿಲಿಯವನು ಎಂದು. ಅವಳು ಕಪ್ಪನ್ನು ಕೆಳಗಿಟ್ಟು, “ಎಷ್ಟು ಶುಚಿಯಾಗಿದ್ದಿರಲ್ಲ!” ಎಂದಳು. ಈ ತಿಂಗಳ ಕೊನೆಗೆ ಕೋಣೆ ಬಿಡಬೇಕು.

ಜೂನ್ ೨೪ಕ್ಕೆ ಊರು ತಲುಪುವ ರೈಲಿಗೆ ಬರುತ್ತೇನೆ. ಅಪ್ಪನಿಗೆ ಹೇಳು, ನಾನು ಗಡ್ಡ ಹೆರೆದುಕೊಳ್ಳದೆ ಬರುತ್ತೇನೆ, ಆ ಕುರ್ಚಿಯಲ್ಲಿ ಕೂರಬೇಕು.

ಜೆಸುವಾಲ್ದೊ


ಟೊರಿನೊ
೨೯ ಜೂನ್ ೧೯೬೩

ಪ್ರೀತಿಯ ಪಿಪ್ಪಿನಾ,

ನನ್ನ ಸರದಿ ಮುಗಿದದ್ದೇ ರೈಲಿಗೆ ಓಡಬೇಕಾಯಿತು. ನಿನಗೆ ಕೈ ಬೀಸಿದ್ದು ಕಂಡಿತೋ ಇಲ್ಲವೋ. ನೀನು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಒಳಗಿನಿಂದ ದೊಡ್ಡ ನಗು ಕೇಳಿರಬೇಕು. ನಿನ್ನನ್ನು ನೋಡಿ ನಗುತ್ತಿದ್ದಾರೆಂದು ಎಲ್ಲಿ ನೊಂದುಕೊಂಡೆಯೋ ಎಂದು ದಾರಿಯುದ್ದಕ್ಕೂ ಚಿಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾರ್ಶಲ್ ಹೇಳಿದರು. ನೆಟ್ಟಗೆ ನಿಂತು, “ನಾನು ಆ ಹುಡುಗಿಯ ಮಾತನ್ನು ಕೇಳಲಿಲ್ಲ, ತಲೆಯನ್ನು ನೋಡಿದೆ; ನೋಡಿದ್ದನ್ನು ನಮ್ಮೂರಿನ ರೀತಿಯಲ್ಲಿ ಬರೆದೆ” ಎಂದರು. ಆಮೇಲೆ ನಾನು. ಜಡ್ಜ್ ಉತ್ತರದವರು, ತಾಳ್ಮೆಯಿಂದ ಕೇಳಿದರು. ಗದ್ದ, ಹುಬ್ಬು, ನಾಲಿಗೆ ಎಲ್ಲವನ್ನೂ ವಿವರಿಸಿದೆ. ಸಾರೊನ ವಕೀಲ ಎದ್ದ. ಅವನು ನಮ್ಮ ಪಕ್ಕದೂರಿನವನೇ, ಕಪ್ಪು ನಿಲುವಂಗಿ ಹಾಕಿಕೊಂಡರೆ ಏನಾಯಿತು?

“ಹುಡುಗಿಯ ಅಣ್ಣ ಅಲ್ವೇ ನೀವು? ಹೇಳ್ಲೇಬೇಕಲ್ಲ! ಟೊರಿನೊದಲ್ಲಿ ಕೂತು ನಮ್ ಜನದ ಬಗ್ಗೆ ಪುಸ್ತಕ ಬರೀತೀರಂತೆ. ನಮ್ ಜನ ಹೇಗೆ ಗದ್ದ ಎತ್ತಾರೆ ಅಂತ ನೆನಪಾದ್ರೂ ಇದ್ಯೋ?”

ಜನ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ಯೋಚಿಸಿ ಮಾಡಿದ್ದಲ್ಲ, ಕೋಪದಲ್ಲಿ ಬಾಯಿಗೆ ಬಂತು.

“ಸ್ವಾಮಿ, ನಿಮ್ ಸಾರೊ ತಪ್ಪು ಮಾಡಿದಾನೋ?”

ಅವನು ಗದ್ದ ಎತ್ತಿ, ಹುಬ್ಬು ಹಾರಿಸಿ, ಇಡೀ ಕೋರ್ಟಿಗೆ ಕೇಳುವಂತೆ ತ್ಚ್ ಎಂದ.

ಜಡ್ಜ್ ಕನ್ನಡಕ ತೆಗೆದರು. “ವಕೀಲರು ತಪ್ಪನ್ನು ಒಪ್ಪಿಕೊಂಡರು ಎಂದು ಬರೆಸಲೇ?” ಎಂದರು. ಆಗ ಬಂದ ನಗು ಅದು, ಪಿಪ್ಪಿನಾ. ಅವನ ಮೇಲಿನ ನಗು.

ಇಷ್ಟು ಖುಷಿ ಪಡುವಾಗಲೂ ಒಂದು ವಿಷಯ ಕೊರೆಯುತ್ತಿದೆ. ವಿಚಾರಣೆಯ ದಿನ ಬೆಳಿಗ್ಗೆ ಅಪ್ಪ ನನಗೆ ಕ್ಷೌರ ಮಾಡುವಾಗ, “ಒಪ್ಗೆ ಇದೆ ಅಂತ ಬರ್ದಿದ್ಯಲ್ಲ, ಅದನ್ನ ನಾನು ಅವಳಿಗೆ ತೋರಿಸ್ಲಿಲ್ಲ” ಎಂದರು. ಬೇರೇನೂ ಹೇಳಲಿಲ್ಲ. ಅದನ್ನು ಹರಿದುಹಾಕಲು ನೀನು ಅವರಿಗೆ ಹೇಳಲಿಲ್ಲವೆಂದು ಕಾಣುತ್ತದೆ; ನಾನೇ ನಿನಗೆ ಬರೆದು ತಿಳಿಸಿದ್ದೆನೆಂದು ಅವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಪುಸ್ತಕವನ್ನು ಪ್ರಕಾಶಕರಿಂದ ವಾಪಸು ತರಿಸಿದ್ದೇನೆ. ಮಾನದ ಅಧ್ಯಾಯ ಮತ್ತೆ ಬರೆಯಬೇಕು. ಈಗ ಮಾರುಕಟ್ಟೆಯ ಹಿಂದೆ ನಮ್ಮಂತೆ ದಕ್ಷಿಣದವರೇ ಆದ ಇಬ್ಬರು ಕಲಾಬ್ರಿಯಾದ ಗಾರೆ ಕೆಲಸದವರ ಜೊತೆ ಒಂದೇ ಕೋಣೆ. ಅಡುಗೆಗೆ ಬೆಳ್ಳುಳ್ಳಿ ಹಾಕಲು ಯಾರ ಅಪ್ಪಣೆಯೂ ಬೇಡ.

ನನ್ನ ನಂತರ ನೀನು ಒಳಗೆ ಹೋದೆಯಲ್ಲ. ಏನಾಯಿತು?

ಜೆಸುವಾಲ್ದೊ


ಪೊಜ್ಜೊಸಾಲ್ವೊ
೧ ಅಕ್ಟೋಬರ್ ೧೯೬೩

ಪ್ರೀತಿಯ ಅಣ್ಣಾ,

ಇಷ್ಟು ತಿಂಗಳು ಬರೆಯಲಿಲ್ಲವೆಂದು ಮುನಿಯಬೇಡ. ತೀರ್ಪು ಬರುವವರೆಗೆ ಒಂದಕ್ಷರವನ್ನೂ ಬರೆಯಬಾರದು ಎನ್ನಿಸಿತ್ತು. ಶನಿವಾರ ಬಂತು.

ಅವತ್ತು ಒಳಗೆ ಹೋದಾಗ ಜಡ್ಜ್ ನನಗೆ ಹೇಳಿದರು, “ನಿಮ್ಮ ತಲೆಯ ಬಗ್ಗೆ ಬೆಳಿಗ್ಗೆಯಿಂದ ಗಂಡಸರು ಮಾತಾಡಿದ್ದಾರೆ. ಈಗ ನೀವು ಹೇಳಿ.” ಹೇಳಿದೆ. ಸಾರೊ ಎದುರಿಗೇ ಕೂತಿದ್ದ, ಗಿರಣಿಯ ಯಜಮಾನ, ಸೋದರಮಾವ, ತೋಟದ ಮನೆಯ ಅತ್ತೆ ಎಲ್ಲರೂ ಇದ್ದರು. ಮೊದಲು ನನ್ನ ದನಿ ನನಗೇ ಕೇಳಿಸಲಿಲ್ಲ. ಜಡ್ಜ್, “ಜೋರಾಗಿ” ಎಂದರು. ಜೋರಾಗಿ ಹೇಳಿದೆ. ಅವನ ವಕೀಲ, “ಇಷ್ಟೆಲ್ಲ ಹೇಳೋಕೆ ನಾಚ್ಕೆ ಆಗಲ್ವೇನಮ್ಮಾ?” ಎಂದ. “ಆಗ್ತಿದೆ. ಮಾಡ್ದೋರಿಗೆ ಆಗ್ಲಿಲ್ವಲ್ಲ, ಅದಕ್ಕೆ ನಾನೇ ಹೇಳ್ತಿದೀನಿ” ಎಂದೆ.

ಸಾರೊಗೆ ಎಂಟು ವರ್ಷ. ಜೊತೆಗಿದ್ದವರಿಗೆ ಕಡಿಮೆ. ಅತ್ತೆಯನ್ನು ಬಿಟ್ಟರು. ಸೋದರಮಾವನನ್ನು ಯಾರೂ ಏನೂ ಕೇಳಲಿಲ್ಲ, ಅವನು ಎದುರು ಸಿಕ್ಕಿದರೆ ನಾನು ದಾರಿ ಬಿಡುವುದಿಲ್ಲ, ಅವನೇ ಬಿಡುತ್ತಾನೆ. ಮಾರ್ಶಲ್‌ರನ್ನು ಬೇರೆ ಊರಿಗೆ ಹಾಕಿದ್ದಾರೆ. ಹೋಗುವ ಮುನ್ನ ಬಂದು ಕ್ಷೌರ ಮಾಡಿಸಿಕೊಂಡು, ಇನ್ನೂ ಸ್ವಲ್ಪ ಸೋಪು ಹಚ್ಚಲೇ ಎಂದು ಅಪ್ಪ ಕೇಳಿದ್ದಕ್ಕೆ ಗದ್ದ ಎತ್ತಿದರು. ಇನ್ನೂ ಸರಿಯಾಗಿ ಬರುವುದಿಲ್ಲ, ಕೋಳಿ ನೀರು ಕುಡಿದ ಹಾಗೆ ಕಾಣುತ್ತದೆ.

ಅವ್ವ ಬಿಳಿ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿದಳು. “ಇನ್ ಯಾರು ಬರ್ತಾರೆ ನಿಂಗೆ?” ಎನ್ನುತ್ತಾಳೆ. ಇರಬಹುದು, ಯಾರೂ ಬರದಿರಬಹುದು. ಪಕ್ಕದೂರಿನಿಂದ ಒಬ್ಬಳು ಹುಡುಗಿ ತನ್ನ ಮದುವೆಯ ಉಡುಪನ್ನು ನನ್ನಿಂದಲೇ ಹೊಲಿಸಬೇಕೆಂದು ಬಂದಿದ್ದಳು. ಅವರಮ್ಮ ಹೊಸ್ತಿಲಾಚೆ ನಿಂತಿದ್ದಳು, ಒಳಗೆ ಬರಲಿಲ್ಲ. ಅಳತೆ ತೆಗೆದುಕೊಂಡೆ.

ಮೊನ್ನೆ ಭಾನುವಾರ ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಆ ಹಸಿರು ಉಡುಪು ಹಾಕ್ಕೊಂಡ್ ಬಾ” ಎಂದರು. ಸಂಜೆ ಜನವೆಲ್ಲ ಚೌಕದಲ್ಲಿ ಅಡ್ಡಾಡುವ ಹೊತ್ತು. ನನ್ನ ಕೈಯನ್ನು ತಮ್ಮ ತೋಳಿಗೆ ಸಿಕ್ಕಿಸಿಕೊಂಡು ಚೌಕದುದ್ದಕ್ಕೂ ನಡೆದರು. ಕ್ಲಬ್ಬಿನ ಎದುರಿನ ಕಾಫಿ ಅಂಗಡಿಯ ಹೊರಗಿನ ಮೇಜುಗಳು ನಿನಗೆ ಗೊತ್ತಲ್ಲ. ಅಲ್ಲಿ ಹೆಂಗಸರು ಕೂತದ್ದನ್ನು ನಾನಂತೂ ಕಂಡಿಲ್ಲ. ಅಪ್ಪ ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿ ತಾವೂ ಕೂತರು.

ಅಂಗಡಿಯವನು ಕೈಯಲ್ಲಿ ಬಟ್ಟೆ ಹಿಡಿದು ನಿಂತೇ ಇದ್ದ.

“ಏನಪ್ಪಾ, ಇವತ್ತು ಗ್ರಾನಿತಾ ಇಲ್ವಾ?”

“ಇದೆ ಮಾಸ್ತ್ರು ಲಿಬೊರಿಯೊ… ನಿಂಬೆಹಣ್ಣಿಂದು…”

“ಎರಡು ತಾ.”

ಹೆರೆದ ಐಸಿನ ಆ ಎರಡು ಲೋಟ ಬರುವವರೆಗೆ ಚೌಕದಲ್ಲಿ ಮಾತಿಲ್ಲ. ಕ್ಲಬ್ಬಿನ ಗಂಡಸರೆಲ್ಲ ಪತ್ರಿಕೆ ಇಳಿಸಿ ನೋಡುತ್ತಿದ್ದರು. ಅಪ್ಪ ಚಮಚ ಎತ್ತಿದರು, ನಾನೂ ಎತ್ತಿದೆ. ಹಲ್ಲು ಜುಮ್ಮೆಂದಿತು. ಆಗ ನೋಟರಿ ದೊನ್ ನೊಫ್ರಿಯೊ ಎದ್ದರು. ಊರುಗೋಲು ಕುಟ್ಟುತ್ತಾ ನಮ್ಮ ಮೇಜಿಗೆ ಬಂದರು. ಕೆನ್ನೆಯ ಮೇಲೆ ಎರಡು ಕಡೆ ಹತ್ತಿ ಅಂಟಿಸಿಕೊಂಡಿದ್ದರು. ನನ್ನತ್ತ ನೋಡಿ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡು ಕೇಳಿದರು, “ಮಾಸ್ತ್ರು ಲಿಬೊರಿಯೊ, ನಾಳೆ ಅಂಗಡಿ ತೆಗೀತೀರಾ?”

ಅಪ್ಪ ಚಮಚ ನೆಕ್ಕಿ ಲೋಟದಲ್ಲಿ ಇಟ್ಟರು.

“ನಾನು ಯಾವತ್ತು ಮುಚ್ಚಿದ್ದೆ?”

ದೊನ್ ನೊಫ್ರಿಯೊ, “ಹಾಗಾದ್ರೆ ಬೆಳಿಗ್ಗೆ ಬರ್ತೀನಿ” ಎಂದು ಹೋದರು. ಚೌಕದಲ್ಲಿ ಜನ ಮತ್ತೆ ಮಾತಾಡತೊಡಗಿದರು, ಬಹುಶಃ ನಮ್ಮ ಬಗ್ಗೆಯೇ. ಅಪ್ಪ, “ಹೋಗೋಣ್ವಾ?” ಎಂದರು. ನಾನು ಅಂಗಡಿಯವನನ್ನು ಕರೆದು ಇನ್ನೊಂದು ಲೋಟ ತರಿಸಿಕೊಂಡೆ.

ನಿನ್ನ ತಂಗಿ,
ಪಿಪ್ಪಿನಾ